ಸಾಣೆಕಲ್ಲೂ ಶಾಟಿಯೂ
(ಶ್ರೀರಾಯರ ಆರಾಧನೆಯ ನಿಮಿತ್ತ ಒಂದು ಚಿಂತನೆ)

॥ ಶ್ರೀಗುರುಭ್ಯೋ ನಮಃ । ಹರಿಃ ಓಂ ॥

ಶ್ರಾವಣಮಾಸವು ಬಂದಿತೆಂದರೆ ಮಾಧ್ವರ ಮನೆಗಳಲ್ಲಿ ಶ್ರೀರಾಯರ ಆರಾಧನೆಯ ಮಾತೇ ಮಾತು. ಬಹುಳ ಪ್ರತಿಪದೆಯಂದು ಪೂರ್ವಾರಾಧನೆ, ದ್ವಿತೀಯೆಯಂದು ಮಧ್ಯಾರಾಧನೆ, ತೃತೀಯೆಯಂದು ಉತ್ತರಾರಾಧನೆ. 1671ರಲ್ಲಿ ತುಂಗಭದ್ರಾತೀರದ ಮಂಚಾಲೆಯಲ್ಲಿ ಶ್ರೀರಾಘವೇಂದ್ರತೀರ್ಥರು ಬೃಂದಾವನಪ್ರವೇಶ ಮಾಡಿದ ಆ ದ್ವಿತೀಯೆಯನ್ನು ಮಂತ್ರಾಲಯದಲ್ಲಿ ಮಾತ್ರವಲ್ಲ, ಮೃತ್ತಿಕಾಬೃಂದಾವನವಿರುವ ಊರೂರುಗಳಲ್ಲಿಯೂ ಭಕ್ತರು ಆಚರಿಸುತ್ತಾರೆ. ಪಂಚಾಮೃತಾಭಿಷೇಕ, ಅಲಂಕಾರ, ಹಸ್ತೋದಕ, ರಥೋತ್ಸವ, ಪ್ರವಚನ, ಇವೆಲ್ಲದರೊಡನೆ ತೀರ್ಥಪ್ರಸಾದ.

ಆ ಮೂರು ದಿನಗಳ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತವರಲ್ಲಿ ಯಾರು ಭಕ್ತಿಯಿಂದ ಬಂದವರು, ಯಾರು ಹಸಿವಿನಿಂದ ಬಂದವರು ಎಂದು ನಾವು ಕೇಳುವುದಿಲ್ಲ. ಕೇಳದಿರುವುದೇ ಆ ಪಂಕ್ತಿಯ ಶೋಭೆ. ಆದರೆ ವರ್ಷದ ಉಳಿದ ದಿನಗಳಲ್ಲಿ ನಮ್ಮವರೇ ಆದ ಒಬ್ಬರಿಗೆ ಕಷ್ಟವೊದಗಿ, ಮಗನ ಶಾಲೆಯ ಶುಲ್ಕಕ್ಕೋ, ತಂದೆಯ ಔಷಧಕ್ಕೋ, ತಾಯಿಯ ಅಪರಕರ್ಮಕ್ಕೋ ನೆರವು ಬೇಕಾದಾಗ ನಾವು ಏನೇನು ಕೇಳುತ್ತೇವೆ? ಕೊಡುವ ಮೊದಲು ಏನು ಕೇಳುತ್ತೇವೆ, ಕೊಟ್ಟಮೇಲೆ ಏನು ನಿರೀಕ್ಷಿಸುತ್ತೇವೆ? ಆರಾಧನೆಯ ಸಂದರ್ಭದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ಕಾರಣವುಂಟು. ನಾವು ಯಾರ ಆರಾಧನೆಯನ್ನು ಮಾಡುತ್ತೇವೆಯೋ ಆ ಮಹಾನುಭಾವರೇ ಪೂರ್ವಾಶ್ರಮದಲ್ಲಿ ಇನ್ನೊಬ್ಬರ ಮನೆಯ ಅನ್ನಕ್ಕಾಗಿ ಹೋಗಿ ನಿಂತವರು.

ಒಂದೇ ಜೀವನದ ಎರಡು ಪ್ರಸಂಗಗಳು

ಶ್ರೀರಾಯರು ಸಂನ್ಯಾಸಕ್ಕೆ ಮೊದಲು ವೇಂಕಟನಾಥಾಚಾರ್ಯರು. ಪತ್ನಿ ಸರಸ್ವತಿ, ಪುತ್ರ ಲಕ್ಷ್ಮೀನಾರಾಯಣ. ಕುಂಭಕೋಣದಲ್ಲಿ ಅವರ ಸಂಸಾರ. ಶ್ರೀನಾರಾಯಣಾಚಾರ್ಯರ ರಾಘವೇಂದ್ರವಿಜಯವನ್ನು ಓದಿದವರಿಗೆ ಆ ಮನೆಯ ದಾರಿದ್ರ್ಯವು ತಿಳಿದಿದೆ. ಹೊದೆಯಲು ಬಟ್ಟೆಯಿಲ್ಲ, ಉಣ್ಣಲು ಎಷ್ಟೋ ದಿನ ಅನ್ನವಿಲ್ಲ. ವಿದ್ಯೆಯು ಮಾತ್ರ ಅಪಾರವಾಗಿತ್ತು. ಆದರೂ ವಿದ್ಯೆಗೆ ಬೆಲೆ ಕಟ್ಟಿ ದ್ರವ್ಯವನ್ನು ಕೇಳುವವರು ಅವರಲ್ಲ.

ಹೀಗಿರಲು ಒಮ್ಮೆ ಒಬ್ಬ ಗೃಹಸ್ಥರ ಮನೆಯ ಸಮಾರಂಭಕ್ಕೆ ಅವರು ಸಂಸಾರಸಮೇತ ಹೋದರು. ಇವರು ಯಾರೆಂಬುದು ಅಲ್ಲಿದ್ದವರಿಗೆ ತಿಳಿಯದು. ಮಾಸಿದ ಬಟ್ಟೆಯ ಬಡಬ್ರಾಹ್ಮಣ, ಊಟಕ್ಕೆ ಬಂದಿದ್ದಾನೆ, ಅಷ್ಟೇ. ಸುಮ್ಮನೆ ಏಕೆ ಊಟ ಹಾಕಬೇಕು, ಏನಾದರೂ ಕೆಲಸ ಮಾಡಲಿ ಎಂದು ಬ್ರಾಹ್ಮಣರ ಲೇಪನಕ್ಕೆ ಗಂಧ ತೇಯಲು ಹೇಳಿದರು. ಆಚಾರ್ಯರು ಒಂದು ಮಾತನ್ನೂ ಆಡದೆ ಸಾಣೆಕಲ್ಲಿನ ಮುಂದೆ ಕುಳಿತರು. ಕೈಗೆ ಕೆಲಸ, ಬಾಯಿಗೆ ವೇದ. ತೇಯುತ್ತಾ ಅಗ್ನಿಸೂಕ್ತವನ್ನು ಹೇಳಿಕೊಂಡರು. ಆ ಗಂಧವನ್ನು ಲೇಪಿಸಿಕೊಂಡವರಿಗೆಲ್ಲ ಮೈಯುರಿ ಹತ್ತಿತು. ವಿಚಾರಿಸಿದಾಗ ಕಾರಣವು ತಿಳಿಯಿತು. ಯಜಮಾನರು ಕ್ಷಮೆ ಬೇಡಿದರು. ಆಚಾರ್ಯರು ವರುಣಸೂಕ್ತವನ್ನು ಹೇಳಲು ಉರಿ ಶಾಂತವಾಯಿತು. ಇದು ಸಂಪ್ರದಾಯದಲ್ಲಿ ಪ್ರಸಿದ್ಧವಾದ ಕಥೆ. ಪ್ರತಿ ಆರಾಧನೆಯಲ್ಲಿಯೂ ಇದನ್ನು ಕೇಳುತ್ತೇವೆ, ಮಂತ್ರಸಿದ್ಧಿಯನ್ನು ಕೊಂಡಾಡುತ್ತೇವೆ. ಕೊಂಡಾಡುವುದು ಯುಕ್ತವೇ. ಆದರೆ ಆ ಮನೆಯ ಯಜಮಾನರ ಸ್ಥಾನದಲ್ಲಿ ನಮ್ಮನ್ನು ಇಟ್ಟು ನೋಡಿಕೊಳ್ಳುವುದು ಅಪರೂಪ.

ಅವರು ದುಷ್ಟರಲ್ಲ. ಊಟವನ್ನು ನಿರಾಕರಿಸಿದವರೂ ಅಲ್ಲ. ಗಂಧ ತೇಯುವುದು ನೀಚ ಕೆಲಸವೂ ಅಲ್ಲ. ಪ್ರತಿದಿನ ದೇವರಿಗಾಗಿ ನಾವೇ ಅದನ್ನು ಭಕ್ತಿಯಿಂದ ಮಾಡುತ್ತೇವೆ. ಹಾಗಾದರೆ ತಪ್ಪು ಎಲ್ಲಿಯದು? ಹಸಿದವನ ಅನ್ನಕ್ಕೂ ಆ ಸಾಣೆಕಲ್ಲಿಗೂ ಗಂಟು ಹಾಕಿದ್ದು ತಪ್ಪು. ಉಳಿದವರು ಅತಿಥಿಗಳು, ಈತನು ಮಾತ್ರ ತನ್ನ ಎಲೆಯನ್ನು ದುಡಿದು ಪಡೆಯತಕ್ಕವನು ಎಂದು ಎಣಿಸಿದ್ದು ತಪ್ಪು. ಒಬ್ಬನ ಮರ್ಯಾದೆಯನ್ನು ಕಲ್ಲಿನ ಮೇಲೆ ತೇಯ್ದು ಇತರರ ಮೈಗೆ ಹಚ್ಚಿದ ಗಂಧವು ತಂಪಾದೀತು ಹೇಗೆ?

ಇದರ ಮಗ್ಗುಲಲ್ಲಿ ಇನ್ನೊಂದು ಪ್ರಸಂಗವನ್ನು ಇಟ್ಟು ನೋಡಬೇಕು. ವೇಂಕಟನಾಥರು ಶ್ರೀಸುಧೀಂದ್ರತೀರ್ಥರಲ್ಲಿ ಓದುತ್ತಿದ್ದ ಕಾಲ. ಹಗಲಿನಲ್ಲಿ ಪಾಠ, ರಾತ್ರಿಯಲ್ಲಿ ಚಿಂತನೆ ಮತ್ತು ಬರವಣಿಗೆ. ದೀಪಕ್ಕೆ ಎಣ್ಣೆಯಿಲ್ಲದ್ದರಿಂದ ತರಗೆಲೆಗಳ ಉರಿಯ ಬೆಳಕಿನಲ್ಲಿ ನ್ಯಾಯಸುಧೆಯ ಕಠಿಣವಾಕ್ಯಗಳಿಗೆ ಟಿಪ್ಪಣಿ ಬರೆದು, ದಣಿದು, ಚಳಿಯಲ್ಲಿ ಬರಿಮೈಯಲ್ಲಿ ಹಾಗೆಯೇ ನಿದ್ರಿಸಿದರು. ರಾತ್ರಿಯಲ್ಲಿ ಎದ್ದು ಬಂದ ಗುರುಗಳು ಶಿಷ್ಯನನ್ನು ಕಂಡರು, ಅವನು ಬರೆದ ಓಲೆಗಳನ್ನೂ ಕಂಡರು. ಎಬ್ಬಿಸಲಿಲ್ಲ. ತಾವು ಹೊದ್ದಿದ್ದ ಶಾಟಿಯನ್ನು ತೆಗೆದು ಅವನಿಗೆ ಹೊದಿಸಿ, ಓಲೆಗಳನ್ನು ತೆಗೆದುಕೊಂಡು ಹೊರಟುಹೋದರು. ಬೆಳಗಾದಮೇಲೆ ಆ ಬರಹವನ್ನು ಸರ್ವರೆದುರು ಪ್ರಶಂಸಿಸಿ 'ಪರಿಮಳಾಚಾರ್ಯ'ರೆಂಬ ಬಿರುದನ್ನು ಅನುಗ್ರಹಿಸಿದರು.

ಇಲ್ಲಿ ಎರಡು ಸಂಗತಿಗಳನ್ನು ಲಕ್ಷಿಸಬೇಕು. ಹೊದಿಕೆಯನ್ನು ಕೊಟ್ಟದ್ದು ರಾತ್ರಿಯಲ್ಲಿ, ಪಡೆಯುವವನು ನಿದ್ರಿಸುತ್ತಿದ್ದಾಗ. ಬಿರುದನ್ನು ಕೊಟ್ಟದ್ದು ಹಗಲಿನಲ್ಲಿ, ಎಲ್ಲರೂ ನೋಡುತ್ತಿದ್ದಾಗ. ಶಿಷ್ಯನ ಬಡತನವನ್ನು ಗುರುಗಳು ಕತ್ತಲೆಯಲ್ಲಿ ಮುಚ್ಚಿದರು, ಅವನ ಯೋಗ್ಯತೆಯನ್ನು ಬೆಳಕಿನಲ್ಲಿ ಬಿಚ್ಚಿದರು. ನಾವಾದರೋ ಬಹುಮಟ್ಟಿಗೆ ಇದಕ್ಕೆ ವಿಪರೀತವಾಗಿ ನಡೆಯುತ್ತೇವೆ. ಬಡತನವನ್ನು ವೇದಿಕೆಯ ಮೇಲೆ ತರುತ್ತೇವೆ, ಯೋಗ್ಯತೆಯನ್ನು ಕೇಳುವುದಕ್ಕೇ ಮರೆಯುತ್ತೇವೆ.

ಶಾಸ್ತ್ರವು ಏನೆನ್ನುತ್ತದೆ?

ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ, 20ರಿಂದ 22ರವರೆಗಿನ ಶ್ಲೋಕಗಳಲ್ಲಿ, ಭಗವಂತನು ದಾನವನ್ನು ಮೂರು ವಿಧವಾಗಿ ವಿಂಗಡಿಸಿದ್ದಾನೆ. ಕೊಡುವುದು ಕರ್ತವ್ಯವೆಂಬ ಒಂದೇ ಬುದ್ಧಿಯಿಂದ, ಪ್ರತ್ಯುಪಕಾರ ಮಾಡಲಾರದವನಿಗೆ, ದೇಶ ಕಾಲ ಪಾತ್ರಗಳನ್ನರಿತು ಕೊಟ್ಟದ್ದು ಸಾತ್ತ್ವಿಕ. ಪ್ರತ್ಯುಪಕಾರವನ್ನೋ ಫಲವನ್ನೋ ಬಯಸಿ, ಮನಸ್ಸಿನಲ್ಲಿ ಹಳಹಳಿಸುತ್ತಾ ಕೊಟ್ಟದ್ದು ರಾಜಸ. ಸತ್ಕಾರವಿಲ್ಲದೆ, ಅವಜ್ಞೆಯಿಂದ, ಅಯೋಗ್ಯವಾದ ದೇಶಕಾಲಗಳಲ್ಲಿ, ಅಪಾತ್ರರಿಗೆ ಕೊಟ್ಟದ್ದು ತಾಮಸ. ಇಲ್ಲಿ ಎಷ್ಟು ಕೊಟ್ಟನೆಂಬ ಲೆಕ್ಕವೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಲಕ್ಷ ರೂಪಾಯಿಯೂ ಅವಜ್ಞೆಯೊಡನೆ ಬಂದರೆ ತಾಮಸವೇ. ಹಿಡಿ ಅಕ್ಕಿಯೂ ಗೌರವದೊಡನೆ ಬಂದರೆ ಸಾತ್ತ್ವಿಕವಾಗಬಲ್ಲುದು.

ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ವಿದ್ಯೆಯನ್ನು ಮುಗಿಸಿ ಹೊರಡುವ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶವೊಂದಿದೆ. ಶ್ರದ್ಧೆಯಿಂದ ಕೊಡಬೇಕು, ಸಂಪತ್ತಿಗೆ ತಕ್ಕಂತೆ ಕೊಡಬೇಕು, ಲಜ್ಜೆಯಿಂದ ಕೊಡಬೇಕು, ಭಯದಿಂದ ಕೊಡಬೇಕು, ತಿಳಿವಳಿಕೆಯಿಂದ ಕೊಡಬೇಕು ಎಂದು ಅದರ ತಾತ್ಪರ್ಯ. ಪಾಠಶಾಲೆಯಲ್ಲಿ ಶೀಕ್ಷಾವಲ್ಲಿಯನ್ನು ಕಂಠಪಾಠ ಮಾಡಿದಾಗ ನಾವು ಈ ಮಾತುಗಳನ್ನು ಸ್ವರಸಹಿತವಾಗಿ ಹೇಳಿದ್ದೆವು, ಅಷ್ಟೇ. ಲಜ್ಜೆಯು ಯಾರದೆಂದು ಯೋಚಿಸಿರಲಿಲ್ಲ. ಉಪನಿಷತ್ತು ಲಜ್ಜೆಯನ್ನು ವಿಧಿಸಿದ್ದು ಕೊಡುವವನಿಗೆ. ನನ್ನ ಬಳಿ ಇಷ್ಟಿದ್ದೂ ಇಷ್ಟೇ ಕೊಡುತ್ತಿದ್ದೇನಲ್ಲಾ ಎಂಬ ಲಜ್ಜೆ. ಪಡೆಯುವವನು ನಾಚಬೇಕೆಂದು ಅಲ್ಲಿ ಎಲ್ಲಿಯೂ ಇಲ್ಲ. ನಾವು ಕೊಡುವವನ ಲಜ್ಜೆಯನ್ನು ತೆಗೆದು ಪಡೆಯುವವನ ತಲೆಗೆ ಕಟ್ಟಿಬಿಟ್ಟಿದ್ದೇವೆ.

ಅತಿಥಿಯ ವಿಷಯದಲ್ಲಿ ಪರಾಶರಸ್ಮೃತಿಯು ಇನ್ನೂ ಸ್ಪಷ್ಟವಾಗಿದೆ. ಊಟದ ಹೊತ್ತಿಗೆ ಬಂದ ಅತಿಥಿಯ ಗೋತ್ರವನ್ನೂ, ಶಾಖೆಯನ್ನೂ, ಅಧ್ಯಯನವನ್ನೂ ಕೇಳಕೂಡದು. ಗೋತ್ರ ಸೂತ್ರ ಶಾಖೆಗಳ ಬಗ್ಗೆ ಇಷ್ಟು ಶ್ರದ್ಧೆಯುಳ್ಳ ಶಾಸ್ತ್ರವೇ ಅನ್ನದ ಮುಂದೆ ಅದನ್ನು ಕೇಳಬೇಡವೆಂದಿತು. ಏಕೆಂದರೆ ಹಸಿದವನ ಮುಂದೆ ಕೇಳಿದ ಪ್ರಶ್ನೆಯು ಪ್ರಶ್ನೆಯಾಗಿ ಉಳಿಯುವುದಿಲ್ಲ, ಪರೀಕ್ಷೆಯಾಗುತ್ತದೆ.

ಇನ್ನು ನಮ್ಮ ಸಿದ್ಧಾಂತದ ಮೂಲಕ್ಕೇ ಹೋಗೋಣ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ ಪರತಂತ್ರಗಳೆಂದು ಎರಡಾಗಿ ವಿಭಾಗಿಸಿ, ಶ್ರೀಹರಿಯೊಬ್ಬನೇ ಸ್ವತಂತ್ರನೆಂದು ನಿರ್ಣಯಿಸಿದರು. ಆದ್ದರಿಂದ ಕೊಡುವ ಜೀವನೂ ಪರತಂತ್ರ, ಪಡೆಯುವ ಜೀವನೂ ಪರತಂತ್ರ, ನಡುವಿನ ದ್ರವ್ಯವೂ ಪರತಂತ್ರ. ಕೊಡುವವನೊಳಗೆ ನಿಂತು ಕೊಡಿಸುವವನೂ, ಪಡೆಯುವವನೊಳಗೆ ನಿಂತು ಸ್ವೀಕರಿಸುವವನೂ ಒಬ್ಬನೇ ಅಂತರ್ಯಾಮಿ. ಪ್ರತಿಯೊಂದು ಸಂಕಲ್ಪದಲ್ಲಿಯೂ ಭಾರತೀರಮಣಮುಖ್ಯಪ್ರಾಣಾಂತರ್ಗತನಾದ ಭಗವಂತನ ಪ್ರೇರಣೆಯಿಂದ, ಅವನ ಪ್ರೀತಿಗಾಗಿ ಮಾಡುತ್ತೇನೆ ಎನ್ನುತ್ತೇವೆ. ದಾನವನ್ನು ಕೊಡುವಾಗ ನೀರು ಬಿಟ್ಟು 'ನನ್ನದಲ್ಲ' ಎನ್ನುತ್ತೇವೆ. ನನ್ನದಲ್ಲವೆಂದು ಧಾರೆಯೆರೆದ ಮೇಲೆ ಅದಕ್ಕೆ ನಿಬಂಧನೆಯನ್ನು ಹಾಕಲು ನಮಗೆ ಅಧಿಕಾರವೆಲ್ಲಿಯದು? ನಿಬಂಧನೆ ಹಾಕಿದೆವೆಂದರೆ ಬಾಯಿ 'ನನ್ನದಲ್ಲ' ಎಂದಿತು, ಮನಸ್ಸು 'ನನ್ನದೇ' ಎಂದಿತು ಎಂದೇ ಅರ್ಥ.

ದಾನದೊಡನೆ ದಕ್ಷಿಣೆಯನ್ನೂ ಏಕೆ ಕೊಡುತ್ತೇವೆ? ದಕ್ಷಿಣೆಯಿಲ್ಲದ ದಾನವು ಅಪೂರ್ಣವೆಂಬುದು ಸರ್ವವಿದಿತ. ವಸ್ತ್ರವನ್ನೋ ಧಾನ್ಯವನ್ನೋ ಕೊಟ್ಟು, ಅದರ ಮೇಲೆ ದಕ್ಷಿಣೆಯನ್ನಿಟ್ಟು ನಮಸ್ಕರಿಸುವವನು ಕೊಡುವವನೇ. ಸ್ವೀಕರಿಸಿ ನನ್ನನ್ನು ಉದ್ಧರಿಸಿದಿರಿ ಎಂಬ ಭಾವ ಅದರಲ್ಲಿದೆ. ಉಪಕಾರವು ಯಾರಿಂದ ಯಾರಿಗೆ ಆಯಿತೆಂಬುದನ್ನು ಈ ಒಂದು ಆಚಾರವೇ ಹೇಳುತ್ತದೆ.

ಯಾಚನೆಗೆ ಹೊರಟಾಗ ಸಾಕ್ಷಾತ್ ಶ್ರೀಹರಿಯೂ ವಾಮನನಾದನಷ್ಟೆ. ಕೇಳಬೇಕಾಗಿ ಬಂದವನು ಬಾಗಿಲಿಗೆ ಬರುವ ಮೊದಲೇ ಮನಸ್ಸಿನಲ್ಲಿ ಗಿಡ್ಡನಾಗಿರುತ್ತಾನೆ. ಅವನನ್ನು ಇನ್ನಷ್ಟು ಗಿಡ್ಡಗೊಳಿಸುವ ಕೆಲಸ ನಮಗೇಕೆ? ಬಲಿಚಕ್ರವರ್ತಿಯ ಕಥೆಯಲ್ಲಿ ಕೊನೆಗೆ ತಲೆ ಬಾಗಿದ್ದು ಕೊಟ್ಟವನದು.

ಕುಚೇಲೋಪಾಖ್ಯಾನವನ್ನೂ ಇದೇ ದೃಷ್ಟಿಯಿಂದ ಓದಬೇಕು. ಭಾಗವತದ ದಶಮಸ್ಕಂಧದ 80 ಮತ್ತು 81ನೆಯ ಅಧ್ಯಾಯಗಳಲ್ಲಿ ಈ ಕಥೆ ಬರುತ್ತದೆ. ಬಂದವನು ಬಾಯಿಬಿಟ್ಟು ಕೇಳಲಿಲ್ಲ. ಕೃಷ್ಣನು ಏಕೆ ಬಂದೆಯೆಂದು ಕೆದಕಲಿಲ್ಲ. ಕಾಲು ತೊಳೆದನು, ಗುರುಕುಲದ ದಿನಗಳನ್ನು ನೆನೆದನು, ಮಿತ್ರನು ಬಚ್ಚಿಟ್ಟಿದ್ದ ಅವಲಕ್ಕಿಯನ್ನು ತಾನಾಗಿ ತೆಗೆದು ತಿಂದನು. ಅಂದರೆ ಮೊದಲು ತಾನೇ ಪಡೆಯುವವನಾದನು. ಮರುದಿನ ಸುದಾಮನು ಬರಿಗೈಯಲ್ಲಿಯೇ ಹೊರಟನು. ಸಂಪತ್ತು ಅವನಿಗಿಂತ ಮೊದಲೇ ಅವನ ಮನೆಯನ್ನು ಸೇರಿತ್ತು. ದ್ವಾರಕೆಯ ಬೀದಿಯಲ್ಲಿ ಅವನು ಏನನ್ನೂ ಹೊತ್ತುಕೊಂಡು ನಡೆಯಬೇಕಾಗಲಿಲ್ಲ.

ನಾವು ಮಾಡಿದ ಒಂದು ತಪ್ಪು

ಪರೋಪದೇಶವು ಸುಲಭ. ಆದ್ದರಿಂದ ನಮ್ಮದೇ ಆದ ಒಂದು ಅಪರಾಧವನ್ನು ಇಲ್ಲಿ ನಿವೇದಿಸಿಕೊಳ್ಳುವುದು ಯುಕ್ತ. ಊರನ್ನೂ ಹೆಸರುಗಳನ್ನೂ ಬರೆಯುವುದಿಲ್ಲ. ಗುರುತು ಹತ್ತದಂತೆ ಬರೆಯುವುದೂ ಈ ಪಾಠದ ಒಂದು ಭಾಗವೇ ಆಗಿದೆ.

2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ನಿಮಿತ್ತ ದೇವಾಲಯಗಳು ಮುಚ್ಚಿದವು. ಮದುವೆ ಮುಂಜಿಗಳು ನಿಂತವು. ಪುರೋಹಿತರು, ಪರಿಚಾರಕರು, ಅಡುಗೆಯವರು, ಬಡಿಸುವವರು, ಹೀಗೆ ಇತರರ ಮನೆಯ ಶುಭಾಶುಭಗಳಿಂದಲೇ ಜೀವಿಸುವ ನಮ್ಮ ಜನರಿಗೆ ತಿಂಗಳುಗಟ್ಟಲೆ ಸಂಪಾದನೆಯಿಲ್ಲದಂತಾಯಿತು. ನಾವು ಕೆಲವು ಮಂದಿ ಯುವಕರು ಹಣವನ್ನು ಕೂಡಿಸಿ, ಅಕ್ಕಿ, ಬೇಳೆ, ಎಣ್ಣೆ, ಬೆಲ್ಲಗಳ ಚೀಲಗಳನ್ನು ಸಿದ್ಧಪಡಿಸಿ, ಒಂದು ಬೆಳಿಗ್ಗೆ ಹಂಚಲು ಕುಳಿತೆವು. ಉದ್ದೇಶವು ಒಳ್ಳೆಯದೇ. ಹಣ ಕೊಟ್ಟವರಿಗೆ ತೋರಿಸಬೇಕೆಂದು ಪ್ರತಿಯೊಬ್ಬರೂ ಚೀಲವನ್ನು ಹಿಡಿದು ನಿಂತಿರುವಂತೆ ಚಿತ್ರ ತೆಗೆಯುವ ಏರ್ಪಾಟು ಮಾಡಿದೆವು. ಹೆಸರು, ಗೋತ್ರ, ಮಠ, ನಿತ್ಯ ಸಂಧ್ಯಾವಂದನೆ ಉಂಟೋ ಇಲ್ಲವೋ ಎಂದು ಬರೆದುಕೊಳ್ಳಲು ಒಂದು ಕಾಗದವನ್ನೂ ಮಾಡಿದ್ದೆವು. ಅದನ್ನು ಬರೆದುಕೊಳ್ಳುತ್ತಿದ್ದವರು ನಾವೇ.

ಸಾಲಿನಲ್ಲಿ ಹಿರಿಯ ಬಾಣಸಿಗರೊಬ್ಬರು ಬಂದರು. ನಮ್ಮ ಉಪನಯನದ ಅಡುಗೆಯನ್ನೂ ಮಾಡಿದವರು ಅವರೇ. ಅವರ ಕೈಯ ಸಾರು ಹುಳಿಗಳನ್ನು ಉಂಡು ಬೆಳೆದವರು ಅವರಿಗೆ ಗೋತ್ರವನ್ನು ಕೇಳಿದೆವು. ಹೇಳಿದರು. ಸಂಧ್ಯಾವಂದನೆಯನ್ನು ಕೇಳಿದೆವು. ಒಂದು ಕ್ಷಣ ನಮ್ಮ ಮುಖವನ್ನು ನೋಡಿದರು. ಚಿತ್ರ ತೆಗೆಯುವವನು ಸ್ವಲ್ಪ ಈ ಕಡೆಗೆ ತಿರುಗಿ ಎಂದನು. ಅವರು ಹೆಗಲ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಂಡು, "ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ, ಆಮೇಲೆ ಬರುತ್ತೇನಪ್ಪಾ" ಎಂದು ಹೇಳಿ ಹೊರಟುಹೋದರು. ಮತ್ತೆ ಬರಲಿಲ್ಲ.

ರಾತ್ರಿ ನಮ್ಮ ತಂದೆಯವರಿಗೆ ಈ ವಿಷಯವನ್ನು ತಿಳಿಸಿದೆವು. ಅವರು ಅರ್ಚಕರು, ಮಿತಭಾಷಿಗಳು. ನಮ್ಮನ್ನು ಬೈಯಲಿಲ್ಲ. ಅಂದಿನವರೆಗೆ ಎಂದೂ ಹೇಳದಿದ್ದ ತಮ್ಮ ಬಾಲ್ಯದ ಸಂಗತಿಯೊಂದನ್ನು ಹೇಳಿದರು. ಅವರು 1960ರ ದಶಕದಲ್ಲಿ ವಾರಾನ್ನದಿಂದ ಓದಿದವರು. ವಾರಾನ್ನವೆಂದರೆ ಬಡ ವಿದ್ಯಾರ್ಥಿಗೆ ದಿನಕ್ಕೊಂದು ಮನೆಯಂತೆ ವಾರವೆಲ್ಲ ಊಟದ ಗೊತ್ತು. ನಮ್ಮ ನಾಡಿನ ಎಷ್ಟೋ ವಿದ್ವಾಂಸರು, ಅಧ್ಯಾಪಕರು, ಅಧಿಕಾರಿಗಳು ಆ ಅನ್ನದಿಂದಲೇ ಬೆಳೆದು ಬಂದರು.

ತಂದೆಯವರ ಮಂಗಳವಾರದ ಮನೆಯಲ್ಲಿ ಎಲೆ ಹಾಕುವ ಮೊದಲು ಹಿತ್ತಿಲಿನ ಬಾವಿಯಿಂದ ನೀರು ಸೇದಿ ಹಂಡೆಯನ್ನು ತುಂಬಬೇಕಾಗಿತ್ತು. ಪರೀಕ್ಷೆಯ ದಿನವೂ ಅದು ತಪ್ಪುತ್ತಿರಲಿಲ್ಲ. ಬಂದ ನೆಂಟರ ಮುಂದೆ, ಈ ಹುಡುಗನನ್ನು ನಾವು ಓದಿಸುತ್ತಿದ್ದೇವೆ ಎಂದು ಯಜಮಾನರು ಹೇಳುತ್ತಿದ್ದರು. ಶುಕ್ರವಾರದ ಮನೆಯ ತಾಯಿ ತಮ್ಮ ಮಗನ ಪಕ್ಕದಲ್ಲಿಯೇ ಎಲೆ ಹಾಕುತ್ತಿದ್ದರು. ಹೊರಡುವಾಗ ಒಂದು ಪೊಟ್ಟಣದಲ್ಲಿ ಅವಲಕ್ಕಿ ಬೆಲ್ಲವನ್ನು ಕಟ್ಟಿಕೊಟ್ಟು, "ದೇವರ ನೈವೇದ್ಯ ಕಣಪ್ಪಾ, ಮನೆಯಲ್ಲಿ ಮಿಕ್ಕುಹೋಗುತ್ತದೆ, ಒಯ್ಯಿ" ಎನ್ನುತ್ತಿದ್ದರು. ತಂದೆಯವರಿಗೆ ಶನಿವಾರದ ಮನೆ ಸಿಕ್ಕಿರಲಿಲ್ಲ. ಅದನ್ನು ಅವರು ಯಾರಿಗೂ ಹೇಳಿಕೊಂಡಿರಲಿಲ್ಲ. ಆ ತಾಯಿಗೆ ಅದು ಹೇಗೋ ತಿಳಿದಿತ್ತು. ತಿಳಿದಿದೆಯೆಂದು ಮಾತ್ರ ಆಕೆ ಒಂದು ದಿನವೂ ತೋರಿಸಿಕೊಳ್ಳಲಿಲ್ಲ. ಆ ಪೊಟ್ಟಣವು ಶನಿವಾರಕ್ಕಾಗಿ ಕಟ್ಟಿದ್ದೆಂದು ತಂದೆಯವರಿಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಆ ತಾಯಿಯ ಕಾಲವಾದ ಅನಂತರ.

"ಮಂಗಳವಾರದ ಅನ್ನದ ಋಣವನ್ನು ಅಂದಂದೇ ತೀರಿಸಿದೆ. ಶುಕ್ರವಾರದ್ದು ಇನ್ನೂ ತೀರಿಲ್ಲ" ಎಂದು ಹೇಳಿ ತಂದೆಯವರು ಜಪಕ್ಕೆ ಕುಳಿತರು. ಕುಂಭಕೋಣದ ಸಾಣೆಕಲ್ಲೂ ಶಾಟಿಯೂ ನಮ್ಮ ಮನೆಯ ಇತಿಹಾಸದಲ್ಲಿಯೇ ಇದ್ದುವೆಂದು ಅಂದು ನಮಗೆ ತಿಳಿಯಿತು.

ಮರುದಿನದಿಂದ ಚಿತ್ರವೂ ಕಾಗದವೂ ನಿಂತವು. ಒಬ್ಬ ದಿನಸಿ ಅಂಗಡಿಯವರಲ್ಲಿ ಮೊದಲೇ ಹಣವನ್ನು ಕಟ್ಟಿ, ಬೇಕಾದವರು ಬೇಕಾದುದನ್ನು ಎಲ್ಲ ಗಿರಾಕಿಗಳಂತೆ ಕೊಂಡು ಹೋಗುವ ವ್ಯವಸ್ಥೆಯನ್ನು ಮಾಡಿದೆವು. ಆ ಹಿರಿಯರ ಮನೆಗೆ ತಂದೆಯವರೇ ಹೋಗಿಬಂದರು. ಅಲ್ಲಿ ಏನು ಮಾತಾಯಿತೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಮಾರಂಭಗಳು ಮತ್ತೆ ಆರಂಭವಾದ ಮೇಲೆ ಆ ಬಾಣಸಿಗರನ್ನು ಹಲವು ಬಾರಿ ಕಂಡಿದ್ದೇವೆ. ಎಂದಿನಂತೆಯೇ ಮಾತನಾಡಿಸುತ್ತಾರೆ. ಕ್ಷಮೆ ಕೇಳಬೇಕೆಂದು ನಾಲಗೆಯ ತುದಿಯವರೆಗೆ ಬಂದರೂ, ಕೇಳಿದರೆ ಆ ಬೆಳಗನ್ನು ಅವರಿಗೆ ಮತ್ತೊಮ್ಮೆ ನೆನಪಿಸಿದಂತಾದೀತೆಂದು ಸುಮ್ಮನಿದ್ದೇವೆ. ಆ ಉರಿಗೆ ವರುಣಸೂಕ್ತವು ನಮಗೆ ಇನ್ನೂ ದೊರೆತಿಲ್ಲ.

ಕೆಲವು ಪೂರ್ವಪಕ್ಷಗಳು

ಮೊದಲನೆಯ ಆಕ್ಷೇಪ: ಗೀತೆಯೇ ಪಾತ್ರವನ್ನು ನೋಡಿ ಕೊಡಬೇಕೆಂದಿದೆಯಲ್ಲ, ವಿಚಾರಿಸದೆ ಕೊಡುವುದು ಹೇಗೆ? ಸಮಾಧಾನ: ಪಾತ್ರವಿವೇಚನೆ ಬೇರೆ, ನಿಬಂಧನೆ ಬೇರೆ. ವಿವೇಚನೆಯು ಕೊಡುವವನು ಮೊದಲೇ, ಮೌನವಾಗಿ, ತನ್ನ ಮನಸ್ಸಿನಲ್ಲಿ ಮಾಡಿಕೊಳ್ಳಬೇಕಾದ ಕರ್ತವ್ಯ. ಅದರ ಭಾರವು ಕೊಡುವವನ ಮೇಲಿದೆ. ನಿಬಂಧನೆಯು ಪಡೆಯುವವನ ಮೇಲೆ ಹೊರಿಸುವ ಭಾರ. ಅಲ್ಲದೆ ಪಾತ್ರತೆಯು ವಸ್ತುವಿಗೆ ತಕ್ಕಂತೆ ಬೇರೆಯಾಗುತ್ತದೆ. ವೇದಾಧ್ಯಯನಕ್ಕೆಂದು ಇಟ್ಟ ವೃತ್ತಿಯನ್ನು ಅಧ್ಯಯನ ಮಾಡುವವನಿಗೇ ಕೊಡಬೇಕು. ಅಲ್ಲಿ ಅಧ್ಯಯನವು ನಿಬಂಧನೆಯಲ್ಲ, ಆ ವೃತ್ತಿಯ ಸ್ವರೂಪವೇ ಅದು. ಅನ್ನಕ್ಕೆ ಹಸಿವೇ ಪಾತ್ರತೆ, ಔಷಧಕ್ಕೆ ರೋಗವೇ ಪಾತ್ರತೆ.

ಎರಡನೆಯದು: ನೆರವಿನ ನೆಪದಿಂದಲಾದರೂ ಹುಡುಗರು ಸಂಧ್ಯಾವಂದನೆ ಮಾಡಲಿ, ಏಕಾದಶಿ ಆಚರಿಸಲಿ, ತಪ್ಪೇನು? ಇದು ಸದುದ್ದೇಶದ ಆಕ್ಷೇಪವಾದ್ದರಿಂದ ಗೌರವದಿಂದ ಉತ್ತರಿಸಬೇಕು. ಸಂಧ್ಯೆಯಲ್ಲಿ ಅರ್ಘ್ಯವು ಸಲ್ಲುವುದು ಸೂರ್ಯಾಂತರ್ಗತನಾದ ನಾರಾಯಣನಿಗೆ. ಶುಲ್ಕಕ್ಕಾಗಿ ಮಾಡಿದ ಸಂಧ್ಯೆಯ ಅರ್ಘ್ಯವು ಶುಲ್ಕ ಕೊಟ್ಟವನಿಗೆ ಸಲ್ಲುತ್ತದೆ. ಹಣ ನಿಂತ ದಿನವೇ ಆ ಸಂಧ್ಯೆಯೂ ನಿಲ್ಲುತ್ತದೆ. ಆಚಾರವನ್ನು ಕಲಿಸಬೇಕು, ಅವಶ್ಯವಾಗಿ ಕಲಿಸಬೇಕು. ಆದರೆ ಅದನ್ನು ಉಳ್ಳವರ ಮಕ್ಕಳಿಗೂ ಇಲ್ಲದವರ ಮಕ್ಕಳಿಗೂ ಒಂದೇ ಚಾಪೆಯ ಮೇಲೆ ಕಲಿಸಬೇಕು. ಧನಿಕರ ಮಗನನ್ನು ಸಂಧ್ಯಾವಂದನೆ ಮಾಡುತ್ತೀಯಾ ಎಂದು ಕೇಳಲು ಅಂಜುವ ನಾವು ಬಡವರ ಮಗನನ್ನು ಮಾತ್ರ ಕೇಳುತ್ತೇವೆಂದರೆ, ಅದು ಆಚಾರದ ಮೇಲಿನ ಪ್ರೀತಿಯಲ್ಲ.

ಮೂರನೆಯದು: ಸುಮ್ಮನೆ ಕೊಟ್ಟರೆ ಸೋಮಾರಿಗಳಾಗುತ್ತಾರೆ, ಕೆಲಸವನ್ನು ಮಾಡಿಸಿಯೇ ಕೊಡಬೇಕು. ಸಮಾಧಾನ: ಕೆಲಸವಿದ್ದರೆ ಕೆಲಸವೆಂದೇ ಕೊಟ್ಟು, ಪೂರ್ಣ ಸಂಭಾವನೆಯನ್ನು ಕೊಡೋಣ. ಅದು ಉತ್ತಮವಾದ ಸಹಾಯ. ನೆರವಾದರೆ ನೆರವೆಂದೇ ಕೊಡೋಣ. ಎರಡನ್ನೂ ಬೆರೆಸಿ, ಸಂಬಳವನ್ನು ದಾನವೆಂದು ಕರೆದು ಕಡಿಮೆ ಕೊಡುವುದು, ಕೊಟ್ಟ ದಾನವನ್ನು ದುಡಿಮೆಯಾಗಿ ವಸೂಲು ಮಾಡುವುದು, ಇವೆರಡೂ ಸಾಣೆಕಲ್ಲಿನ ಮಾರ್ಗಗಳು. ಪಡೆದವನು ತಾನಾಗಿ ಪ್ರೀತಿಯಿಂದ ದೇವರ ಸೇವೆಗೆ ಬಂದರೆ ಸಂತೋಷ. ಬರದಿದ್ದರೆ ಎಣಿಸಬಾರದು.

ನಾಲ್ಕನೆಯದು: ಹಣ ಕೊಟ್ಟವರಿಗೆ ಲೆಕ್ಕ ಬೇಡವೇ? ಬೇಕು, ಕಾಸುಕಾಸಿಗೂ ಬೇಕು. ಆದರೆ ಲೆಕ್ಕವು ಹಣದ್ದು, ಮುಖದ್ದಲ್ಲ. ಎಷ್ಟು ಬಂದಿತು, ಎಷ್ಟು ಮನೆಗಳಿಗೆ ಸಂದಿತು, ಎಷ್ಟು ಉಳಿಯಿತು ಎಂಬುದನ್ನು ಸಭೆಯಲ್ಲಿ ಓದಲಿ. ಹೆಸರುಗಳು ಇಬ್ಬರು ಹಿರಿಯರ ಬಳಿಯ ಪುಸ್ತಕದಲ್ಲಿರಲಿ.

ಆಚರಣೆಗೆ

ಉಡುಪಿಯ ಶ್ರೀಕೃಷ್ಣನನ್ನು ಅನ್ನಬ್ರಹ್ಮನೆನ್ನುತ್ತೇವೆ. ಅಲ್ಲಿ ಎರಡು ವರ್ಷಗಳ ಪರ್ಯಾಯವು ಆರಂಭವಾಗುವುದಕ್ಕೆ ಬಹು ಮೊದಲೇ ಬಾಳೆಮುಹೂರ್ತ, ಅಕ್ಕಿಮುಹೂರ್ತ, ಕಟ್ಟಿಗೆಮುಹೂರ್ತ, ಭತ್ತಮುಹೂರ್ತಗಳು ನಡೆಯುತ್ತವೆ. ಬಾಳೆಯ ಗಿಡವನ್ನು ನೆಡುವಾಗ ಆ ಎಲೆಯಲ್ಲಿ ಯಾರು ಉಣ್ಣುವರೆಂದು ಯಾರಿಗೂ ತಿಳಿಯದು. ಕಟ್ಟಿಗೆಯನ್ನು ಒಟ್ಟುವಾಗ ಆ ಉರಿಯಲ್ಲಿ ಬೆಂದ ಅನ್ನವು ಯಾರ ಪಾಲೆಂದು ತಿಳಿಯದು. ಬರುವವರ ಮುಖವನ್ನು ನೋಡುವ ಮೊದಲೇ ಸಿದ್ಧವಾಗಿರುವುದು, ಇದು ಕ್ರಮ. ನಮ್ಮ ಊರಿನ ಸಹಾಯನಿಧಿಗೂ ಇದೇ ಕ್ರಮವಿರಲಿ. ಕಷ್ಟ ಬಂದವನು ಕೇಳಿದಮೇಲೆ ಸಭೆ ಸೇರಿ, ಅವನ ಸಂಸಾರದ ಕಥೆಯನ್ನು ಹತ್ತು ಜನರ ಮುಂದೆ ಚರ್ಚಿಸಿ, ಅನಂತರ ಚಂದಾ ಎತ್ತುವುದಕ್ಕಿಂತ, ವರ್ಷದ ಆರಂಭದಲ್ಲಿಯೇ ದ್ರವ್ಯವನ್ನು ತೆಗೆದಿಡುವುದು ಮೇಲು.

ಇದಲ್ಲದೆ ನಮಗೆ ತೋರಿದ ಕೆಲವು ವಿಷಯಗಳನ್ನು ಸಜ್ಜನರ ಮುಂದಿಡುತ್ತೇವೆ.

ನೆರವನ್ನು ಕೇಳಲು ಒಬ್ಬರೋ ಇಬ್ಬರೋ ವಿಶ್ವಾಸಿಗಳಾದ ಹಿರಿಯರಿರಲಿ. ಸ್ತ್ರೀಯರು ಹೇಳಿಕೊಳ್ಳಲು ಒಬ್ಬ ಹಿರಿಯ ಸುಮಂಗಲಿಯೋ ಮಡಿಹೆಂಗಸರೋ ಇರಲಿ. ಕೇಳುವವರು ಅವರ ಮನೆಗೆ ಬರುವ ಮೊದಲೇ, ಸಾಧ್ಯವಾದಲ್ಲಿ ಅವರೇ ಹೋಗಲಿ.

ಸಾಮೂಹಿಕ ಉಪನಯನವನ್ನು ಬಡವರ ಉಪನಯನವೆಂದು ಕರೆಯದಿರೋಣ. ಉಳ್ಳವರೂ ತಮ್ಮ ಮಕ್ಕಳ ಉಪನಯನವನ್ನು ಆ ಮಂಟಪದಲ್ಲಿಯೇ ಮಾಡಲಿ. ಆಗ ಯಾವ ವಟುವಿನ ಖರ್ಚನ್ನು ಯಾರು ಕೊಟ್ಟರೆಂದು ಗಾಯತ್ರಿಯನ್ನು ಉಪದೇಶಿಸುವವರಿಗೂ ತಿಳಿಯಲಾರದು.

ಶಾಲೆಯ ಶುಲ್ಕವನ್ನು ಶಾಲೆಗೇ, ಔಷಧದ ಹಣವನ್ನು ಔಷಧಾಲಯಕ್ಕೇ ಕಟ್ಟಬಹುದು. ಆದರೆ ನಿಮ್ಮ ಮೇಲೆ ನಂಬಿಕೆಯಿಲ್ಲವೆಂಬ ಧ್ವನಿ ಹೊರಡದಂತೆ, ಅವರನ್ನೇ ಕೇಳಿ, ಅವರಿಗೆ ಯಾವುದು ಅನುಕೂಲವೋ ಹಾಗೆ ಮಾಡಬೇಕು.

ಪಡೆದವರ ಮನೆಯಲ್ಲಿ ಹಬ್ಬವಾದರೆ, ಮಗಳಿಗೆ ಹೊಸ ಸೀರೆ ತಂದರೆ, ನಮ್ಮ ಹಣವು ಹೀಗಾಯಿತೇ ಎಂದು ಮನಸ್ಸಿನಲ್ಲಿಯೂ ಎಣಿಸಬಾರದು. ಹಾಗೆ ಎಣಿಸಿದ ಕ್ಷಣದಲ್ಲಿಯೇ ದಾನವು ಸಾಲವಾಗುತ್ತದೆ.

ಕೊನೆಯದಾಗಿ, ಪಡೆದವರಿಗೂ ಕೊಡುವ ಅವಕಾಶವಿರಲಿ. ಹಿಡಿ ಅವಲಕ್ಕಿಯನ್ನು ತಂದವರ ಅವಲಕ್ಕಿಯನ್ನು ಬೇಡವೆನ್ನಬಾರದು.

ಈ ಸಲದ ಆರಾಧನೆಯಲ್ಲಿಯೂ ಬೃಂದಾವನಕ್ಕೆ ಗಂಧವನ್ನು ತೇಯುತ್ತೇವೆ. ಆ ಕಲ್ಲಿನ ಮುಂದೆ ಕುಳಿತಾಗ, ಹಸಿದು ಬಂದು ತೇಯ್ದ ಆ ಕೈಗಳನ್ನು ಒಮ್ಮೆ ನೆನೆಯೋಣ. ಅನಂತರ ಚಳಿಯ ರಾತ್ರಿಯಲ್ಲಿ ಎಬ್ಬಿಸದೆ ಶಾಟಿಯನ್ನು ಹೊದಿಸಿದ ಕೈಗಳನ್ನೂ ನೆನೆಯೋಣ. ನಮ್ಮ ಊರಿನಲ್ಲಿ ಯಾರ ಶನಿವಾರವು ಬರಿದಾಗಿದೆಯೆಂದು ಸದ್ದಿಲ್ಲದೆ ತಿಳಿದುಕೊಳ್ಳುವ ಬುದ್ಧಿಯನ್ನೂ, ತಿಳಿದುದನ್ನು ತೋರಿಸಿಕೊಳ್ಳದ ವಿನಯವನ್ನೂ ಶ್ರೀಗುರುರಾಜರ ಅಂತರ್ಗತನಾದ, ಭಾರತೀರಮಣಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯು ನಮಗೆಲ್ಲ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥